ಮೇಲೆ ರೈಫಲ್ಲು, ಕೆಳಗೆ ಚರೆಕೋವಿ: ಕಾಫಿ ತೋಟಕ್ಕೆ ಹೊಂದುತ್ತದೆಯೇ?

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ತೋಟದ ಕೋವಿ ಎಂದರೆ ಹನ್ನೆರಡು ಬೋರಿನದೇ (ಬೋರ್ ಎಂದರೆ ನಳಿಗೆಯ ಒಳಅಳತೆ). ಒಂಟಿನಳಿಗೆಯೋ ಜೋಡಿನಳಿಗೆಯೋ ಎಂಬುದಷ್ಟೇ ಮಾತು. ಆದರೆ ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿದವರಿಗೆ ಇನ್ನೊಂದು ಆಸೆ ಹತ್ತುತ್ತದೆ: ಒಂದರ ಮೇಲೊಂದು ನಳಿಗೆ, ಮೇಲೆ ಒಂಟಿ ಗುಂಡಿನ .22 ರೈಫಲ್, ಕೆಳಗೆ ಸಣ್ಣ ಚರೆಗಳನ್ನು ಹರಡಿ ಹಾರಿಸುವ .410 ಚರೆಕೋವಿ, ಮಡಚಿದರೆ ಬೆನ್ನುಚೀಲದೊಳಗೆ ಕೂರುವ ಗಾತ್ರ. ಇದಕ್ಕೆ ಕಾಂಬಿನೇಷನ್ ಗನ್ ಎನ್ನುತ್ತಾರೆ. ಒಂದೇ ಕೋವಿಯಲ್ಲಿ ಎರಡು ಕೆಲಸ ಎನ್ನುವುದು ಕೇಳಲು ಚೆಂದ. ಹುಟ್ಟಿದ ನಾಡಿನಲ್ಲಿ ಅದು ನಿಜವೂ ಹೌದು. ನಮ್ಮ ತೋಟಕ್ಕೆ ಬಂದಾಗ ಲೆಕ್ಕ ಬೇರೆಯಾಗುತ್ತದೆ.

ಮೊದಲು ಅದರ ಊರಿನ ಲೆಕ್ಕವನ್ನೇ ನೋಡೋಣ. ಅಲ್ಲಿ ಲೈಸೆನ್ಸು ಪಡೆದು, ಕಾಲ ನೋಡಿ, ಮೊಲ ಅಳಿಲು ಹೊಡೆಯುವುದು ಕಾನೂನುಬದ್ಧ. ನಿಂತ ಅಳಿಲಿಗೆ .22, ಹಾರುವ ಹಕ್ಕಿಗೆ ಚರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆ ಸ್ಟೀವನ್ಸ್ ಕಂಪನಿಯ .22-.410 ಕೋವಿಯನ್ನು ಕಾಡಿಗೆ ಬಿದ್ದ ವಿಮಾನ ಸಿಬ್ಬಂದಿಗೆಂದು ಕೊಂಡಿತ್ತು. ಅದೇ ಮುಂದೆ 1950ರಲ್ಲಿ ಸ್ಯಾವೇಜ್ ಕಂಪನಿಯ 24ನೇ ಮಾದರಿ ಆಯಿತು. ಆಮೇಲೆ ಅದೇ ವಾಯುಪಡೆಯ ಎಂ6 ಕೋವಿ ಬಂತು. 14 ಇಂಚಿನ ನಳಿಗೆ, ಮೇಲೆ .22 ಹಾರ್ನೆಟ್ (ಮಾಮೂಲಿ .22ಕ್ಕಿಂತ ಬಲದ ತೋಟಾ), ಕೆಳಗೆ .410, ನಡುವೆ ಮಡಚುವ ಕೀಲು. ಟ್ರಿಗರ್ ಜಾಗದಲ್ಲಿ ಉದ್ದನೆಯ ಪಟ್ಟಿ, ದಪ್ಪ ಕೈಗವಸು ಹಾಕಿದವರೂ ಅದುಮಬಹುದು. ಹಿಂಬದಿಯ ಹಿಡಿಯೊಳಗೇ ತೋಟಾ ಇಡುವ ಗೂಡು. ಸಾರ್ವಜನಿಕರಿಗೆಂದು ಬಂದ ಎಂ6 ಸ್ಕೌಟ್ ಮಾದರಿಯಲ್ಲಿ ನಳಿಗೆ 18 ಇಂಚು ದಾಟಿತು, ಏಕೆಂದರೆ ಚರೆಕೋವಿಯ ನಳಿಗೆ ಅದಕ್ಕಿಂತ ಗಿಡ್ಡ ಇರಬಾರದೆಂದು ಅಲ್ಲಿನ ಕಾನೂನು. ಟ್ರಿಗರ್ ಜಾಗದ ಆ ಪಟ್ಟಿ ಹಿಮದಲ್ಲಿ ಒಳ್ಳೆಯದು, ಗುರಿಗೆ ಕೆಟ್ಟದ್ದು. ಇಡೀ ಮುಷ್ಟಿ ಬಿಗಿಯಬೇಕು, ಬಿಗಿದಾಗ ನಳಿಗೆ ಅಲುಗುತ್ತದೆ.

ಇತ್ತೀಚಿನವುಗಳಲ್ಲಿ ಹೆಸರಿಸಬೇಕಾದವು ಎರಡು. ಸ್ಯಾವೇಜ್ 42ರಲ್ಲಿ 20 ಇಂಚಿನ ನಳಿಗೆ, ಸುಮಾರು 2.8 ಕಿಲೋ ತೂಕ, ಪ್ಲಾಸ್ಟಿಕ್ ಹಿಡಿ, ಒಂದೇ ಟ್ರಿಗರ್. ಯಾವ ನಳಿಗೆ ಸಿಡಿಯಬೇಕು ಎಂಬುದನ್ನು ಹಿಂದಿನ ಕುದುರೆಯ (ಹೊಡೆಯುವ ಸುತ್ತಿಗೆ, ಹ್ಯಾಮರ್) ಮೇಲಿನ ಪುಟ್ಟ ಗುಂಡಿ ಹೇಳುತ್ತದೆ. ಇಟಲಿಯ ಕಿಯಾಪ್ಪ ಡಬಲ್ ಬ್ಯಾಡ್ಜರ್‌ಗೆ 19 ಇಂಚಿನ ನಳಿಗೆ, ಸುಮಾರು 2.6 ಕಿಲೋ, ಮರದ ಹಿಡಿ, ಎರಡು ಟ್ರಿಗರ್. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ಎರಡು ಟ್ರಿಗರಿನದೇ ಸರಿ. ಗುಂಡಿ ಇರುವ ಕೋವಿಯಲ್ಲಿ ಬೆರಳು ಮೊದಲು ಗುಂಡಿ ಹುಡುಕಬೇಕು, ಅದು ಮೇಲಿದೆಯೋ ಕೆಳಗಿದೆಯೋ ನೋಡಬೇಕು, ಆಮೇಲೆ ಕುದುರೆ ಎಳೆಯಬೇಕು. ನಸುಕಿನ ಮಬ್ಬಿನಲ್ಲಿ ಇದು ತಪ್ಪುವುದು ಖಚಿತ. ಕುದುರೆ ಎಳೆದಾದ ಮೇಲೆ ಗುಂಡಿ ಬದಲಿಸಲು ಹೋಗುವುದಂತೂ ಅಪಾಯ: ಹೆಬ್ಬೆರಳು ಜಾರಿದರೆ ತೋಟಾ ಸಿಡಿಯುತ್ತದೆ.

ಮಡಚುವ ಕೋವಿಯ ನಿಜವಾದ ರೋಗ ಕೀಲಿನಲ್ಲಿಲ್ಲ, ತೋಟಾ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್‌ನಲ್ಲಿದೆ. .22 ತೋಟಾದ ಅಂಚು ಉಗುರಿನಷ್ಟು ತೆಳು. .410ಕ್ಕೂ ಅದಕ್ಕೂ ಒಂದೇ ಎಕ್ಸ್‌ಟ್ರಾಕ್ಟರ್ ಪಟ್ಟಿ ಹಂಚಿಕೊಟ್ಟಿದ್ದರೆ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸವೆತ ಸಾಕು, ಅಂಚು ಪಟ್ಟಿಯ ಮೇಲೆ ಹತ್ತಿ ಕೂರುತ್ತದೆ. ಖಾಲಿ ತೋಟಾ ಅಲ್ಲೇ ಉಳಿಯುತ್ತದೆ. ಚಾಕುವಿನ ತುದಿ ಹಾಕಿ ಕೆದಕಿದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ (ಚೇಂಬರ್) ಬಾಯಿ ಗೀರಿ, ಮುಂದಿನ ತೋಟಾ ಇನ್ನೂ ಬಿಗಿಯಾಗುತ್ತದೆ. ನಳಿಗೆ ಬಾಯಿಯಿಂದ ಹಿತ್ತಾಳೆ ಕಡ್ಡಿ ತೂರಿ ಹಿಂದಕ್ಕೆ ತಳ್ಳುವುದೊಂದೇ ದಾರಿ. ಅದಕ್ಕೂ ಮೊದಲು ಆ ತೋಟಾ ಸಿಡಿದದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಎರಡನೆಯ ರೋಗ ಗುರಿಯದು. ಎರಡು ನಳಿಗೆಯನ್ನೂ ಒಂದೇ ಕಡೆ ಬೀಳುವಂತೆ ಕೂಡಿಸುವುದು ಸುಲಭದ ಕೆಲಸವಲ್ಲ. ಗುರಿಮಣಿಯನ್ನು .22ಕ್ಕೆ ಹೊಂದಿಸಿದರೆ ಚರೆ ಎಲ್ಲಿ ಹೋಗುತ್ತದೋ ಅಲ್ಲಿಗೆ ಹೋಗಲಿ ಎಂದು ಬಿಡಬೇಕಾಗುತ್ತದೆ. ನೋಡುವ ಬಗೆ ಹೀಗೆ: ರೇಂಜಿನಲ್ಲಿ 25 ಮೀಟರಿಗೆ .22ರ ಐದು ಗುಂಡು, ಆಮೇಲೆ ನಡುವೆ ಚುಕ್ಕೆ ಇಟ್ಟ 75 ಸೆಂಟಿಮೀಟರಿನ ಕಾಗದಕ್ಕೆ 20 ಮೀಟರಿನಿಂದ ಚರೆ. ಚರೆಯ ಹರಡಿನ ನಡುವು ಚುಕ್ಕೆಯಿಂದ ಒಂದು ಗೇಣಿಗಿಂತ ಆಚೆ ಇದ್ದರೆ ಆ ಕೋವಿ ಬೇಡ. ನಳಿಗೆ ಬಿಸಿಯಾದ ಮೇಲೆ ಇನ್ನೊಮ್ಮೆ ಹೊಡೆದು ನೋಡಿ. ಉದ್ದಕ್ಕೂ ಬೆಸೆದ ನಳಿಗೆಗಳಲ್ಲಿ ಒಂದು ಬಿಸಿಯಾದರೆ ಇನ್ನೊಂದನ್ನು ಎಳೆಯುತ್ತದೆ.

ಇನ್ನು ನಮ್ಮ ಊರು. ಖಾಸಗಿಯವರು ಹೊರದೇಶದ ಕೋವಿ ತರಿಸುವುದು 1980ರ ದಶಕದಲ್ಲೇ ನಿಂತಿತು, ಗುರಿಕ್ರೀಡೆಯವರಿಗೆ ಮಾತ್ರ ದಾರಿ ಉಳಿದಿದೆ. ಹಾಗಾಗಿ ಇಲ್ಲಿ ಕಾಣಸಿಗುವುದು ಅಜ್ಜಂದಿರ ಕಾಲದ ಕೋವಿ, ಕೈಯಿಂದ ಕೈಗೆ ಬಂದದ್ದು. ಅಂಥದ್ದೊಂದು ಮಾರಾಟಕ್ಕಿದೆ ಎಂದರೆ ಮುಂಗಡ ಕೊಡುವ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ನಿಮ್ಮ ಪರವಾನಗಿಗೆ ಎರಡೂ ಬೋರನ್ನು ಬರೆದುಕೊಡುತ್ತಾರೆಯೇ ಎಂದು ಕೇಳಿ. ಒಂಟಿನಳಿಗೆ 12 ಬೋರ್ ಎಂದು ಬರೆದ ಪುಸ್ತಕಕ್ಕೆ ರೈಫಲ್ ನಳಿಗೆ ಸೇರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಆ ಎರಡರಲ್ಲಿ ಒಂದು ಜಾಗವನ್ನು ಇದಕ್ಕೆ ಕೊಡುವ ಮುನ್ನ ಯೋಚಿಸಬೇಕು.

ತೋಟಾದ ಮಾತು ಇನ್ನೂ ಮುಖ್ಯ. 12 ಬೋರಿನ ತೋಟಾ ಸಿಕ್ಕಷ್ಟು ಸಲೀಸಾಗಿ .410 ಸಿಗುವುದಿಲ್ಲ. ಸಿಕ್ಕಿದರೂ ಅದರಲ್ಲಿ ಇರುವುದೆಷ್ಟು? ಎರಡೂವರೆ ಇಂಚಿನದರಲ್ಲಿ ಸುಮಾರು 14 ಗ್ರಾಂ ಚರೆ, ಮೂರು ಇಂಚಿನದರಲ್ಲಿ 19 ಗ್ರಾಂ. ಹನ್ನೆರಡು ಬೋರಿನಲ್ಲಿ 32 ಗ್ರಾಂ. ಹಳೆಯ .410ರ ಗೂಡು ಎರಡೂವರೆ ಇಂಚಿನದೇ ಆಗಿದ್ದರೆ ಮೂರು ಇಂಚಿನ ತೋಟಾವೂ ಒಳಗೆ ಹೋಗಿಬಿಡುತ್ತದೆ, ಸಿಡಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಇದೇ ತಪ್ಪು 65 ಮಿಲಿಮೀಟರ್ ಗೂಡಿನ ಹಳೆಯ ಇಂಗ್ಲಿಷ್ ಜೋಡಿನಳಿಗೆಗೆ 70 ಮಿಲಿಮೀಟರ್ ತೋಟಾ ಹಾಕುವವರೂ ಮಾಡುತ್ತಾರೆ. ಇನ್ನೊಂದು ಗೊಂದಲ ನಮ್ಮಲ್ಲಿ ಮಾತ್ರ ಇರುವುದು: ಹಳೆಯ ಕಾವಲು ಸಿಬ್ಬಂದಿಯ .410 ಮಸ್ಕೆಟ್. ಅದು ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ಸೇನೆಯ .303 ಲೀ-ಎನ್‌ಫೀಲ್ಡ್ ರೈಫಲ್ಲನ್ನು ಬದಲಿಸಿ ಮಾಡಿದ್ದು, ಅದರ ತೋಟಾ .303ರ ಕವಚದಿಂದ ಬಂದದ್ದು. ಹೆಸರು ಒಂದೇ ಆದರೂ ಚರೆಕೋವಿಯ .410ಕ್ಕೆ ಅದು ಸಲ್ಲದು.

ಇಷ್ಟೆಲ್ಲ ಸರಿಹೋದರೂ ಮೇಲಿನ ನಳಿಗೆಯೇ ತೋಟಕ್ಕೆ ತೊಡಕು. .22ರ 2.6 ಗ್ರಾಂ ಸೀಸದ ಗುಂಡು ಏನೂ ತಾಗದೆ ಹೋದರೆ ಒಂದೂವರೆ ಕಿಲೋಮೀಟರಿಗಿಂತ ದೂರ ಹೋಗುತ್ತದೆ. ಆರನೇ ನಂಬರಿನ ಚರೆ ಎರಡು-ಮೂರು ನೂರು ಮೀಟರಿನೊಳಗೆ ಬಿದ್ದುಹೋಗುತ್ತದೆ. ಸಿಲ್ವರ್ ಓಕಿನ ತುದಿಯಲ್ಲಿ ಕೂತ ಮಂಗನ ಕಡೆಗೆ ಮೇಲ್ಮುಖವಾಗಿ ಹಾರಿಸಿದ ಗುಂಡು ಕಣಿವೆ ದಾಟಿ ಯಾವ ಕೂಲಿಯವರ ಲೈನ್ ಮನೆಯ ಹೆಂಚಿಗೆ ಬೀಳುತ್ತದೆಂದು ಹೇಳಲಾಗದು. ಕಾಫಿ ಕೊಯ್ಲಿನ ದಿನಗಳಲ್ಲಿ ಪ್ರತಿ ಸಾಲಿನಲ್ಲೂ ಜನ ಇರುತ್ತಾರೆ.

ಮೊಲ, ಕಾಡುಕೋಳಿ, ಬರ್ಕ (ಪುಟ್ಟ ಜಿಂಕೆಯಂಥ ಪ್ರಾಣಿ) ಎಂದು ಕನಸು ಕಾಣುವವರಿಗೆ ಒಂದೇ ಮಾತು: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅವೆಲ್ಲ ರಕ್ಷಿತ. ನವಿಲಂತೂ ಮೊದಲನೇ ಪಟ್ಟಿಯಲ್ಲೇ ಇದೆ. ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿ ಬೇಟೆಯ ಪರವಾನಗಿ ಅಲ್ಲ. ಕೋವಿಯ ಕೆಲಸ ಗದ್ದೆಗಿಳಿದ ಹಂದಿಯನ್ನು ಸದ್ದಿನಿಂದ ಓಡಿಸುವುದು, ಸದ್ದಿನಲ್ಲಿ ಹನ್ನೆರಡು ಬೋರಿನ ಮುಂದೆ .410 ಪಟಾಕಿಯ ಹಾಗೆ. .177ರ ಏರ್‌ಗನ್‌ಗೆ 20 ಜೂಲ್ ಒಳಗಾದರೆ ಲೈಸೆನ್ಸು ಬೇಡ, ಆದರೆ ಅದರಿಂದ ಹಕ್ಕಿ ಹೊಡೆದರೂ ಕಾಯ್ದೆ ಅದೇ.

ಆದ್ದರಿಂದ ತೋಟಕ್ಕೆ ಬೇಕಾದದ್ದು ಬಿಹಾರದ ಮುಂಗೇರ್ ಅಥವಾ ಜಮ್ಮುವಿನ ಕಾರ್ಖಾನೆಯ ಗಟ್ಟಿ ಒಂಟಿನಳಿಗೆ, ದುಡ್ಡಿದ್ದರೆ ಜೋಡಿನಳಿಗೆ. ಹಳೆಯದು ಕೊಳ್ಳುವಾಗ ನಳಿಗೆಯ ಕೆಳಗಿನ ಮುಂಗೈ ಮರ ಕಳಚಿ, ಕೋವಿ ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಕೀಲು ಸವೆದಿದ್ದರೆ ಟಕ್ ಎಂದು ಸದ್ದು ಬರುತ್ತದೆ. ಬೀಡಿ ಎಲೆಯಷ್ಟು ತೆಳ್ಳಗಿನ ಕಾಗದವನ್ನು ನಳಿಗೆಗೂ ಹಿಂಬದಿ ಗೋಡೆಗೂ ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಅಂತರ ಹೆಚ್ಚಿದೆ. ಸಿಡಿದ ತೋಟಾದ ಕೇಪಿನ ಮೇಲೆ ಹೊಡೆಯುವ ಮೊಳೆಯ (ಫೈರಿಂಗ್ ಪಿನ್) ಕುಳಿ ನಡುಮಧ್ಯದಲ್ಲಿ ಬಿದ್ದಿರಬೇಕು. .22 ನಳಿಗೆ ಇರುವ ಕೋವಿಯನ್ನು ಖಾಲಿ ಹೊಡೆದು ನೋಡಬೇಡಿ. ಆ ತೋಟಾಕ್ಕೆ ಪೆಟ್ಟು ಬೀಳುವುದು ಅಂಚಿಗೆ, ತೋಟಾ ಇಲ್ಲದಾಗ ಮೊಳೆ ನೇರ ಗೂಡಿನ ಅಂಚನ್ನೇ ಜಜ್ಜುತ್ತದೆ.

ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ತೇವ ಹಿಡಿದು ಉಕ್ಕಿಗೆ ಕೊಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ಹಳೆಯ ಅಭ್ಯಾಸವೂ ಬೇಡ, ಚಳಿಗೆ ಗಟ್ಟಿಯಾಗಿ ಕೀಲಿನಲ್ಲಿ ಜಿಗಟು ಕೂರುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಸಾಕು, ನಳಿಗೆಯೊಳಗೆ ತೆಳುವಾಗಿ, ಕೀಲಿಗೆ ಎರಡು ಹನಿ. ಚುನಾವಣೆ ಬಂತೆಂದು ಠಾಣೆಗೆ ಒಪ್ಪಿಸುವ ಹಿಂದಿನ ದಿನ ಈ ಕೆಲಸ ಮಾಡಿ, ರಸೀದಿಯಲ್ಲಿ ನಂಬರ್ ಸರಿಯಾಗಿದೆಯೇ ನೋಡಿ, ವಾಪಸು ತಂದ ದಿನವೇ ನಳಿಗೆಯೊಳಗೆ ಬೆಳಕು ಬಿಟ್ಟು ತುಕ್ಕು ಹುಡುಕಿ.