‘ಇಂಗ್ಲಿಷ್ ಕಾಟೇಜ್’ ಹುಲ್ಲುಮಾಡು: ಬ್ರಹ್ಮಾವರ ಕಡೆಯ ತಂಡದ ಕೆಲಸ ಹೇಗಿದೆ?

ಹೋಂಸ್ಟೇಗಳಿಗೆ ಇಂಗ್ಲಿಷ್ ಕಾಟೇಜ್ ಮಾದರಿಯ ಹುಲ್ಲುಮಾಡು, ಅಂದರೆ ಹುಲ್ಲಿನ ಛಾವಣಿ, ಹೊದೆಸಿಕೊಡುವ ತಂಡ ಇದು. ಐದರಲ್ಲಿ ಮೂರು ನಕ್ಷತ್ರ, ಅದೂ ಕಟ್ಟುವವರ ಕೈಗೆ. ಮುಳಿಹುಲ್ಲು ಚೆನ್ನಾಗಿ ಒಣಗಿದೆ, ತೆಂಗಿನ ನಾರಿನ ಹಗ್ಗ ಬಿಗಿಯಾಗಿದೆ, ಒಂದೊಂದು ವರಸೆಯ ಕಟ್ಟೂ ಮೇಲಿನ ವರಸೆಯ ಅಡಿಗೆ ಸರಿಯಾಗಿ ಮುಚ್ಚಿಹೋಗಿದೆ. ಒಂದು ಹಿಡಿ ಹುಲ್ಲು ಎಳೆದರೆ ಜಪ್ಪಯ್ಯ ಎಂದರೂ ಬರುವುದಿಲ್ಲ.

ತಪ್ಪಿದ್ದು ಇಳಿಜಾರಿನಲ್ಲಿ. ಇಂಗ್ಲೆಂಡಿನ ಹಳೆ ಹುಲ್ಲುಮನೆಗಳ ಮಾಡು ಸುಮಾರು 50 ಡಿಗ್ರಿ ಕಡಿದು, ಹೊದಿಕೆ ಒಂದಡಿ ದಪ್ಪ. ಹನಿ ಒಂದು ಕಡ್ಡಿಯಿಂದ ಕೆಳಗಿನ ಕಡ್ಡಿಗೆ ಜಾರುತ್ತಾ ಸೂರಿಗೆ ಬಂದು ಬೀಳುತ್ತದೆ. ನೆನೆಯುವುದು ಮೇಲಿನ ಪದರ ಮಾತ್ರ. ಇಲ್ಲಿ ಹಂಚಿನ ಮಾಡಿನ ಲೆಕ್ಕದಲ್ಲಿ, 30 ಡಿಗ್ರಿಗೆ ಪಕ್ಕಾಸು (ಮಾಡು ಹೊರುವ ಓರೆ ಮರ) ಇಟ್ಟಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಬಡಗಿಗಳ ಕೈಗೆ ಕೂತ ಅಳತೆ ಅದು. ಹಂಚಿಗೆ ಸರಿ, ಹುಲ್ಲಿಗೆ ಸಾಲದು. ಲಂಡನ್ನಿನಲ್ಲಿ ವರ್ಷವಿಡೀ ಬೀಳುವುದು 600 ಮಿ.ಮೀ. ಆಸುಪಾಸು, ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡೇ ತಿಂಗಳಲ್ಲಿ ಅದರ ಮೂರು ಪಟ್ಟು. ಆಟಿ ತಿಂಗಳು ಮುಗಿಯುವಾಗ, ಅಂದರೆ ಆಗಸ್ಟ್ ಮಧ್ಯಕ್ಕೆ, ಒಳಪದರ ಕೊಳೆಯಲು ಶುರುವಾಗಿರುತ್ತದೆ. ಫೋಟೋ ನೋಡಿ ಮಾಡಿದ, ಮಾಡು ಹುಬ್ಬಿನಂತೆ ಬಾಗಿ ಏಳುವ ಕಿಟಕಿಯ ಮೇಲೆ ಇಳಿಜಾರು ಇನ್ನೂ ಕಡಿಮೆ. ಮೊದಲು ಸೋರುವುದು ಅಲ್ಲೇ, ಬೇಡ ಎನ್ನಿ.

ಮಾಡಿನ ನೆತ್ತಿಗೆ ಇಂಗ್ಲೆಂಡಿನಲ್ಲಿ ಬಗ್ಗುವ ಹುಲ್ಲನ್ನು ಎರಡೂ ಕಡೆಗೆ ಮಡಚಿ, ಹೇಝಲ್ ಮರದ ಕಡ್ಡಿಗಳಿಂದ ಚುಚ್ಚಿ ಕೂರಿಸುತ್ತಾರೆ. 10–15 ವರ್ಷಕ್ಕೊಮ್ಮೆ ನೆತ್ತಿ ಮಾತ್ರ ಹೊಸದು. ಈ ತಂಡ ಹುಲ್ಲಿಗೆ ಅಂಟಿಸಿದಂತೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕೆಳಗೆ ಬೆವರು, ಬೂಷ್ಟು. ಹಾಳೆ ಬೇಕೇ ಬೇಕೆಂದರೆ ರೀಪು ಹೊಡೆಸಿ, ನಡುವೆ ಎರಡು ಇಂಚು ಗಾಳಿಗೆ ಬಿಡಿಸಿ.

ಹುಲ್ಲಿಗೆ ಹುಳ ಬೀಳುತ್ತದೆ ಎಂಬ ದೂರಿಗೆ ತಂಡವನ್ನು ಬೈದು ಫಲವಿಲ್ಲ. ಡೆವನ್ ಪ್ರಾಂತ್ಯದ ಕೆಲವು ಮನೆಗಳಲ್ಲಿ ಮಧ್ಯಯುಗದ ಹುಲ್ಲು ಮಸಿ ಹಿಡಿದು ಇಂದಿಗೂ ಉಳಿದಿದೆ: ಆಗ ಚಿಮಣಿ ಇರಲಿಲ್ಲ, ಒಲೆಯ ಹೊಗೆಯೆಲ್ಲ ಮಾಡಿಗೇ. ನಮ್ಮ ಅಡುಗೆಕೋಣೆಯ ಮುಳಿಹುಲ್ಲನ್ನು ಹುಳದಿಂದ ಕಾದದ್ದೂ ಹೊಗೆಯೇ. ಎ.ಸಿ. ಹಾಕಿದ ಕೋಣೆಯಲ್ಲಿ ಅದೆಲ್ಲಿಂದ ಬರಬೇಕು?

ಗಂಭೀರ ತಪ್ಪು ಹುಲ್ಲಿನೊಳಗೆ ಹುದುಗಿಸಿದ ಸ್ಪಾಟ್‌ಲೈಟ್. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲುಮಾಡಿಗೆ ಮತ್ತೆ ಅನುಮತಿ ಸಿಕ್ಕಿದ್ದು 1997ರಲ್ಲಿ ತೆರೆದ ಗ್ಲೋಬ್ ರಂಗಮಂದಿರಕ್ಕೆ, ಅದೂ ಮಾಡಿನ ಮೇಲೆ ನೀರು ಚಿಮ್ಮಿಸುವ ವ್ಯವಸ್ಥೆಯೊಂದಿಗೆ. ವಯರಿಂಗನ್ನು ಗೋಡೆಯಲ್ಲೇ, ಪೈಪಿನೊಳಗೆ ನಿಲ್ಲಿಸಲು ಹೇಳಿ.

ಕರೆಯುವುದಾದರೆ ಡಿಸೆಂಬರಿನಲ್ಲೇ ಕರೆಯಿರಿ, ಹೊಸ ಹುಲ್ಲು ಸಿಗುತ್ತದೆ. 45 ಡಿಗ್ರಿಗಿಂತ ಕಡಿಮೆ ಬೇಡವೆಂದು ಕರಾರಿನಲ್ಲೇ ಬರೆಸಿ. ಹುಲ್ಲುಮಾಡಿಗೆ ದಂಬೆ (ಸೂರಿನ ನೀರು ಹಿಡಿಯುವ ಕಾಲುವೆ) ಬೇಡ, ಸೂರನ್ನೇ ಗೋಡೆಯಿಂದ ಎರಡಡಿ ಮುಂದಕ್ಕೆ ಬಿಡಿಸಿ.