ಟೀ ಶರ್ಟ್ ಪ್ರಿಂಟಿಂಗ್ ಕಿಟ್‌ನಲ್ಲಿ ಪಿಸಿಬಿ: ಯಾವುದು ಗಟ್ಟಿ, ಯಾವುದು ಜೊಳ್ಳು

ಟೀ ಶರ್ಟ್, ಬಟ್ಟೆ ಚೀಲಕ್ಕೆಂದು ಮಾರುವ ಸ್ಕ್ರೀನ್ ಪ್ರಿಂಟಿಂಗ್ ಕಿಟ್‌ನಲ್ಲಿ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗ ಕೂರಿಸುವ, ತಾಮ್ರದ ಗೆರೆಗಳ ಬೋರ್ಡ್) ಮಾಡಬಹುದೇ? ಮಾಡಬಹುದು, ಆದರೆ ಡಬ್ಬದಿಂದ ತೆಗೆದ ಹಾಗೇ ಅಲ್ಲ. ಒಂದೆರಡು ಬೋರ್ಡ್ ಸಾಕೆನ್ನುವವರಿಗೆ ಲೇಸರ್ ಪ್ರಿಂಟನ್ನು ಬಿಸಿಯಿಂದ ತಾಮ್ರಕ್ಕೆ ಇಳಿಸುವ ಟೋನರ್ ಟ್ರಾನ್ಸ್‌ಫರೇ ಸರಿ. ಒಂದೇ ಡಿಸೈನ್ ಇಪ್ಪತ್ತು ಮೂವತ್ತು ಬೇಕಾದಾಗ ಮಾತ್ರ ಈ ಉಸಾಬರಿ.

ಫ್ರೇಮು, ಕೀಲು ಚೆನ್ನಾಗಿವೆ, ಅಲುಗಾಟವಿಲ್ಲ. ಎಡವಟ್ಟು ಇರುವುದು ಮೆಶ್‌ನಲ್ಲಿ, ಅಂದರೆ ಇಂಕ್ ಇಳಿಯುವ ಬಲೆಬಟ್ಟೆಯಲ್ಲಿ. ಕಟ್ಟಿರುವುದು 43ಟಿ, ಅಂದರೆ ಸೆಂಟಿಮೀಟರಿಗೆ 43 ಎಳೆ. ಎಳೆಯಿಂದ ಎಳೆಗೆ ಸುಮಾರು 0.23 ಮಿ.ಮೀ. ಟ್ರ್ಯಾಕೇ (ಬೋರ್ಡಿನ ತಾಮ್ರದ ಗೆರೆ) 0.25 ಮಿ.ಮೀ. ಇದ್ದರೆ ಅಂಚು ಗರಗಸದ ಹಲ್ಲಾಗುತ್ತದೆ, ಅಲ್ಲಲ್ಲಿ ತುಂಡೂ ಆಗುತ್ತದೆ. 120ಟಿ ಪಾಲಿಯೆಸ್ಟರ್ ಹಾಕಿಸಿದರೆ ಅದೇ ಟ್ರ್ಯಾಕಿನಗಲಕ್ಕೆ ಮೂರು ಎಳೆ ಸಿಗುತ್ತವೆ, ಗೆರೆ ಶುದ್ಧ. ಕೊಟ್ಟಿರುವ ನೀರಿನ ಇಂಕ್, ಬೇಡದ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡಿನಲ್ಲಿ ನಿಲ್ಲುವುದಿಲ್ಲ; ಅದನ್ನು ತಡೆದು, ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಬಿಡುವ ಎಚ್ ರೆಸಿಸ್ಟ್ ಇಂಕನ್ನೇ ಕೊಳ್ಳಬೇಕು. ಇಂಕ್ ಎಳೆಯುವ ಸ್ಕ್ವೀಜಿಯ ರಬ್ಬರೂ ಮೆತ್ತಗಿದೆ, ಗಡಸುತನ 70–75 ಶೋರ್ ಬೇಕು.

ಬೋರ್ಡ್ 1.6 ಮಿ.ಮೀ. ದಪ್ಪ. ಅದನ್ನು ಹಲಗೆಯ ಮೇಲೆ ಒಂಟಿಯಾಗಿ ಇಟ್ಟು ಸ್ಕ್ವೀಜಿ ಎಳೆದರೆ ಅಂಚು ಮೆಶ್ಶನ್ನು ಕೊಯ್ಯುತ್ತದೆ, ಅಂಚಿನ ಟ್ರ್ಯಾಕು ಮಸಿ ಮಸಿ. ಸುತ್ತ ಅದೇ ದಪ್ಪದ ರದ್ದಿ ಬೋರ್ಡ್ ತುಂಡು ಜೋಡಿಸಿ ಮಟ್ಟ ಮಾಡಿ. ಮೆಶ್ಶಿಗೂ ತಾಮ್ರಕ್ಕೂ 2–3 ಮಿ.ಮೀ. ಸಂದು ಬಿಡಿ, ಸ್ಕ್ವೀಜಿ ದಾಟಿದ ಕೂಡಲೇ ಮೆಶ್ ತಾನಾಗಿ ಮೇಲೇಳಬೇಕು. ಅಂಟಿಕೊಂಡರೆ ಗೆರೆ ಹರಡುತ್ತದೆ. ಒಂದೇ ಎಳೆತ, ಎರಡನೇ ಸಲ ಎಳೆದರೆ ಕೆಟ್ಟಿತೆಂದೇ ಲೆಕ್ಕ.

ಅಚ್ಚು ಹಾಕುವ ಮುಂಚೆ ತಾಮ್ರವನ್ನು ಸ್ಕ್ರಬ್ಬರ್‌ನಿಂದ ಉಜ್ಜಿ ತೊಳೆಯಿರಿ. ನೀರು ಹನಿಗಟ್ಟದೆ ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಆಮೇಲೆ ಬೆರಳು ತಾಗಿದ ಜಾಗದಲ್ಲಿ ಇಂಕ್ ಎದ್ದುಬರುವುದು ಗ್ಯಾರಂಟಿ. ಇಂಕಿನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೆ ಪರ್ಮನೆಂಟ್ ಮಾರ್ಕರ್‌ನಿಂದ ಮುಚ್ಚಿದರೆ ಸಾಕು. ಆದರೆ ಪ್ರತಿ ಬೋರ್ಡಿನಲ್ಲೂ ಅದೇ ಜಾಗದಲ್ಲಿ ಬಂದರೆ ದೋಷ ಸ್ಕ್ರೀನಿನದು, ಅಲ್ಲಿ ಧೂಳೋ ಒಣಗಿದ ಇಂಕೋ ಕೂತಿರುತ್ತದೆ.

ಸ್ಕ್ರೀನಿನಲ್ಲಿ ಡಿಸೈನ್ ಮೂಡಿಸಲು ಲೇಸರ್ ಪ್ರಿಂಟರಿನ ಫಿಲ್ಮ್ ಕಪ್ಪು ಸಾಲದು, ಎರಡನ್ನು ಒಂದರ ಮೇಲೊಂದು ಕೂರಿಸಿ ಎಮಲ್ಷನ್‌ಗೆ (ಮೆಶ್ಶಿಗೆ ಬಳಿಯುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಲೇಪ) ಬೆಳಕು ಕೊಡಿ.

ಅಂದಹಾಗೆ, ಬಿಚ್ಚಿದ 43ಟಿ ಮೆಶ್ ಎಸೆಯಬೇಡಿ. ಸೋಲ್ಡರ್ ಮಾಸ್ಕ್ (ಬೆಸುಗೆ ಬೇಡದ ಕಡೆ ತಾಮ್ರ ಮುಚ್ಚುವ ಲೇಪ) ದಪ್ಪಗೆ ಕೂರಬೇಕು, ಅದಕ್ಕೆ ಇಂಥ ಒರಟು ಮೆಶ್ಶೇ ಬೇಕು.