ಗೊಂಬಿ ಅಳೆದು ಹಲಗಿ ಕೊಯ್ದುಕೊಡುವ ಬಡಿಗೇರರ ಅಂಗಡಿ, ಆಳಂದ ರಸ್ತೆ, ಕಲಬುರಗಿ

ಮಕ್ಕಳ ಗೊಂಬೆಗೆ ಮನೆಯಲ್ಲೇ ಕಟ್ಟಿಗೆಯ ಮನೆ ಮಾಡಬೇಕೆನ್ನುವವರು ಈ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಬೋರ್ಡು ಇಲ್ಲ, ತಗಡಿನ ಶೆಡ್ಡು, ಹೊರಗೆ ಬಾಗಿಲ ಚೌಕಟ್ಟು ಒರಗಿಸಿಟ್ಟಿರುತ್ತಾರೆ. "ಕಾಕಾ, ಅಕ್ಕನ ಮಗಳಿಗಿ ಗೊಂಬಿಮನಿ ಮಾಡಬೇಕು. ಹಲಗಿ ಕೊಯ್ದು ಕೊಡ್ರಿ, ಜೋಡಿಸೋದು ನಾನೇ" ಅಂದೆ. ಅವರು ಕೇಳಿದ್ದು: "ಗೊಂಬಿ ಎಲ್ಲದರಿ? ಮೊದಲ ಗೊಂಬಿ ತರ್ರಿ, ಆಮ್ಯಾಲ ಮನಿ ಮಾತು."

ನಾನು ಪೂರ್ತಿ ಐದು ಸ್ಟಾರ್ ಕೊಡುತ್ತಿರುವುದು ಈ ಒಂದು ಮಾತಿಗೆ. ನಮ್ಮ ಹುಡುಗಿಯದು ಬಾರ್ಬಿ, ಎತ್ತರ 11.5 ಇಂಚು. ಚಂದದ ಫೋಟೋ ನೋಡಿ ತರಿಸಿದ ಮನೆಯೊಳಗೆ ಆ ಗೊಂಬೆ ನಿಲ್ಲದಿದ್ದರೆ ಮಗು ಆಡುವುದಾದರೂ ಏನು? ಕಾಕಾ ಗೊಂಬೆಯನ್ನು ಟೇಪಿನ ಪಕ್ಕ ನಿಲ್ಲಿಸಿ, "ನಮಗ ಒಂದು ಅಡಿ, ಇಕಿಗಿ ಎರಡು ಇಂಚು" ಎಂದು ಲೆಕ್ಕ ಕಟ್ಟಿದರು. ಈ ಅಳತೆಯ ಗೊಂಬೆಗಳನ್ನು ಆರರಲ್ಲಿ ಒಂದು ಪಾಲು ಅನ್ನುತ್ತಾರಲ್ಲ, ಅದೇ ಲೆಕ್ಕ. ಆಮೇಲೆ ಎಲ್ಲ ಸಲೀಸು: ನಮ್ಮ ಊಟದ ಟೇಬಲ್ 30 ಇಂಚಾದರೆ ಅವಳದು 5, ನಮ್ಮ ಮಂಚ 18 ಇಂಚು ಎತ್ತರವಾದರೆ ಅವಳದು 3. ಕೋಣೆಯ ಎತ್ತರ 14 ಇಂಚು ಹಿಡಿದೆವು, ಗೊಂಬೆಯ ತಲೆ ಮೇಲೆ ಮಗುವಿನ ಕೈ ಆಡಲು ಜಾಗ ಬೇಕಲ್ಲ.

ಮೂರಂತಸ್ತು ಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ನೆಲದ ಮೇಲೆ ಕೂತು ಆಡುವ ಆರು ವರ್ಷದ ಮಗುವಿಗೆ ಮೇಲಿನ ಅಂತಸ್ತಿನ ಒಳಭಾಗ ಕಾಣುವುದಿಲ್ಲ, ಹತ್ತಲು ಹೋದರೆ ಮನೆಯೇ ಮೈಮೇಲೆ ಬೀಳುತ್ತದೆ ಎಂದು ಕಾಕಾ ತಾವೇ ಅವಳಿಗೆ ತಿಳಿಹೇಳಿದರು. ಎರಡೇ ಅಂತಸ್ತಾಯಿತು: 3 ಅಡಿ ಅಗಲ, ಎರಡೂವರೆ ಅಡಿ ಎತ್ತರ, 14 ಇಂಚು ಆಳ. ಇಷ್ಟಾದರೂ ಹಿಂದೆ ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಯಲೇಬೇಕು.

ಸಾಗವಾನಿ ಹಲಗೆ ಕೇಳಿದ್ದೆ, ಬೇಡ ಅಂದರು. ನಮ್ಮ ಬಿಸಿಲಿಗೆ ಇಡಿ ಕಟ್ಟಿಗೆಯ ಹಲಗೆ ಅಗಲಕ್ಕೆ ಕುಗ್ಗಿ ಮಳೆಗಾಲಕ್ಕೆ ಉಬ್ಬುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಆ ಕಾಟ ಕಡಿಮೆ. ಗೋಡೆ, ನೆಲಕ್ಕೆ 12 ಎಂಎಂ, ಬೆನ್ನಿಗೆ 6 ಎಂಎಂ. ಮನೆಯೊಳಗೆ ಇಡುವುದಕ್ಕೆ ಎಂಆರ್ (ತೇವ ತಡೆಯುವ) ದರ್ಜೆ ಸಾಕು ಎಂದು ದುಬಾರಿ ಮಾಲು ಮಾರುವ ಅವಕಾಶವನ್ನೇ ಬಿಟ್ಟುಕೊಟ್ಟರು. 8x4 ಅಡಿಯ ಒಂದೇ ಹಾಳೆಯಲ್ಲಿ ಗೋಡೆ, ನೆಲ, ಮಾಳಿಗೆ ಎಲ್ಲ ಎದ್ದವು.

ದೂರು ಎರಡಿವೆ. ಹೇಳಿದ ದಿನಕ್ಕೆ ಕೊಡುವುದಿಲ್ಲ. ಮದುವೆ ಸೀಸನ್‌ನಲ್ಲಿ ಮಂಚ, ಕಪಾಟಿನ ಕೆಲಸ ಮುಂದೆ, ನಮ್ಮದು ಹಿಂದೆ. ಇನ್ನೊಂದು, ಕೊಯ್ದ ಅಂಚಿನಲ್ಲಿ ಸಿಬಿರು ಹಾಗೇ ಇತ್ತು. ಮಗುವಿನ ಕೈ ಆಡುವ ಜಾಗ, ಆದ್ದರಿಂದ 120 ನಂಬರ್ ಪಾಲಿಶ್ ಪೇಪರ್, ಆಮೇಲೆ 220 ಹಿಡಿದು ಪ್ರತಿ ಅಂಚನ್ನೂ ಉಜ್ಜಲೇಬೇಕು. ಈ ಕೆಲಸ ಅಂಗಡಿಯವರೇ ಮಾಡಿಕೊಟ್ಟರೆ ಹೆಚ್ಚು ಹಣ ಕೊಡಲು ನಾನು ಸಿದ್ಧ.

ಜೋಡಣೆಗೆ ಫೆವಿಕಾಲ್ ಜೊತೆ ಸ್ಕ್ರೂ. ಮೊದಲು ಸಣ್ಣ ತೂತು ಕೊರೆಯದೆ ಬಿಗಿದರೆ ಅಂಚು ಸೀಳುತ್ತದೆ. ಬಣ್ಣದ ವಿಷಯದಲ್ಲಿ ಹುಷಾರು: ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಇದೆ, ಡಬ್ಬಿ ಓದಿಯೇ ಕೊಳ್ಳಿ. ಪಡಸಾಲೆಯ ನೆಲಕ್ಕೆ ನಾಲ್ಕು ನಾಲ್ಕು ಇಂಚಿನ ಬೂದಿ ಬಣ್ಣದ ಚೌಕ ಬರೆದೆ, ನಮ್ಮ ಶಹಾಬಾದ್ ಫರಸಿಕಲ್ಲಿನ ಹಾಗೆ. ಅಕ್ಕ ಅದನ್ನು ನೋಡಿ, "ನಮ್ಮ ಅವ್ವನ ಮನಿ ಪಡಸಾಲಿನೇ ಬಂತಲ್ಲೋ" ಅಂದಳು. ಪಡಸಾಲೆಯ ತೊಲೆಗೆ ಕೊಕ್ಕೆ ಹಾಕಿ ತೂಗುಮಂಚ ಇಳಿಬಿಟ್ಟಿದ್ದೇನೆ. ಹುಡುಗಿ ಹೆಚ್ಚು ಹೊತ್ತು ಆಡುವುದು ಅಲ್ಲಿಯೇ.

ಕೊಯ್ಯುವ ಕೂಲಿ ಹಾಳೆಯ ಬೆಲೆಯೊಂದಿಗೇ ಹಿಡಿಯುತ್ತಾರೆ, ಚೌಕಾಸಿಗೆ ಜಗ್ಗುವುದಿಲ್ಲ. ಉಳಿದ ತುಂಡುಗಳನ್ನು ಕೇಳಿದವರಿಗಷ್ಟೇ ಕೊಡುತ್ತಾರೆ. ಕೇಳಿ ತಗೊಳ್ಳಿ, ಗೊಂಬೆಯ ಮಂಚ, ಟೇಬಲ್, ಕಪಾಟು ಮೂರೂ ಅದರಲ್ಲೇ ಆಗುತ್ತವೆ.